ಓವನ್ ಬೇಡ, ಹಳೇ ಕುಕ್ಕರ್ ಸಾಕು

ಅಕ್ಕ ತಂಗಿಯರೇ, ಓವನ್ ಇಲ್ಲ ಅಂತ ಬಿಸ್ಕತ್ತು ಮಾಡುವುದನ್ನು ಬಿಡಬೇಡಿ. ಕೊಪ್ಪಳದ ನಮ್ಮ ಮನೆಯಲ್ಲಿ ಮೊಮ್ಮಕ್ಕಳಿಗೆ ನಾನು ಹಳೇ ಕುಕ್ಕರಿನಲ್ಲೇ ಜೋಳದ ಬಿಸ್ಕತ್ತು ಮಾಡುತ್ತೇನೆ. ಗ್ಯಾಸ್ಕೆಟ್, ಸೀಟಿ ಎರಡನ್ನೂ ತೆಗೆದುಬಿಡಿ, ನೀರು ಹಾಕಬೇಡಿ, ತಳಕ್ಕೆ ಎರಡು ಬಟ್ಟಲು ಉಪ್ಪು ಹರಡಿ ಮೇಲೆ ಸ್ಟ್ಯಾಂಡ್ ಇಟ್ಟು 10 ನಿಮಿಷ ಕಾಯಿಸಿ.

ಬರೀ ಜೋಳದ ಹಿಟ್ಟಾದರೆ ಪುಡಿಪುಡಿ ಆಗುತ್ತದೆ, ಅದಕ್ಕೆ ಗೋಧಿಯ ಜಿಗುಟು ಇಲ್ಲ ಅಲ್ವಾ. ಹಾಗಾಗಿ ಒಂದು ಬಟ್ಟಲು ಜೋಳದ ಹಿಟ್ಟಿಗೆ ಅರ್ಧ ಬಟ್ಟಲು ಗೋಧಿ ಹಿಟ್ಟು, ಅರ್ಧ ಬೆಲ್ಲದ ಪುಡಿ, ಅರ್ಧ ತುಪ್ಪ, ಏಲಕ್ಕಿ, ಚಿಟಿಕೆ ಉಪ್ಪು. ಕಲಸಲು ಎರಡು ಮೂರು ಚಮಚ ಹಾಲು ಸಾಕು, ಜಾಸ್ತಿ ನಾದಬೇಡಿ. ತಟ್ಟಿ, ತುಪ್ಪ ಸವರಿದ ತಟ್ಟೆಯಲ್ಲಿಟ್ಟು ಸಣ್ಣ ಉರಿಯಲ್ಲಿ 20 ನಿಮಿಷ. ತೆಗೆದಾಗ ಮೆತ್ತಗೆ ಇರುತ್ತವೆ. ಹೆದರಬೇಡಿ, ಆರಿದ ಮೇಲೆ ಗಟ್ಟಿಯಾಗುತ್ತವೆ.

ಬಿಸ್ಕತ್ತು ಬೇಯುವ ಹೊತ್ತಿನಲ್ಲಿ ನಾನು ಕೌದಿ, ಅಂದರೆ ಹಳೇ ಬಟ್ಟೆಯ ಹೊದಿಕೆ, ಹೊಲಿಯುತ್ತೇನೆ. ಅದಕ್ಕೆ ತೊಳೆದು ತೊಳೆದು ಮೆತ್ತಗಾದ ಹತ್ತಿ ಸೀರೆಯೇ ಬೇಕು, ಹೊಸ ಬಟ್ಟೆ ಆಮೇಲೆ ಕುಗ್ಗಿ ಹೊಲಿಗೆಯನ್ನು ಎಳೆಯುತ್ತದೆ. ಸೂಜಿ ಆಡುತ್ತಿದ್ದರೆ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ. ಒಂದು ಪುಟ್ಟ ಅಂಗಡಿ, ಅಲ್ಲಿ ನಮ್ಮ ಕಿನ್ನಾಳದ ಬಣ್ಣದ ಮರದ ಗೊಂಬೆಗಳು, ಪಕ್ಕದಲ್ಲಿ ನನ್ನ ಕೌದಿ, ಡಬ್ಬಿಯಲ್ಲಿ ಈ ಬಿಸ್ಕತ್ತು. ಈ ಕನಸು ಎಷ್ಟು ವರ್ಷದಿಂದ ಇದೆಯೋ, ಇವತ್ತಿಗೂ ಖುಷಿ ಕೊಡುತ್ತದೆ. ನೀವೂ ಸುಮ್ನೆ ಕೂತು ಕನಸು ಕಾಣಿ. ಮೊಬೈಲಿನಲ್ಲಿ ಮಾತ್ರ 15 ನಿಮಿಷಕ್ಕೆ ಅಲಾರಂ ಇಟ್ಟು ಒಮ್ಮೆ ತೆರೆದು ನೋಡಿ, ಬೆಲ್ಲ ಬೇಗ ಸೀಯುತ್ತದೆ.