ಮನೆ ಬಿಟ್ಟು ಹೋದವರ ಸಾಲದ ನೋಟಿಸ್ ನಿಮ್ಮ ಬಾಗಿಲಿಗೆ ಬಂದರೆ

ಲಕೋಟೆಯ ಮೇಲೆ ಕೆಂಪು ಅಕ್ಷರದಲ್ಲಿ ‘ಕೊನೆಯ ಎಚ್ಚರಿಕೆ’. ಹೆಸರು ನಮ್ಮ ಭಾವನದು, ಅವರು ಮನೆ ಖಾಲಿ ಮಾಡಿ ಎರಡು ವರ್ಷವಾಗಿತ್ತು. ವಿಳಾಸ ಮಾತ್ರ ನಮ್ಮದೇ. ನಾನು ಹರಿದು ಬುಟ್ಟಿಗೆ ಹಾಕಿದೆ. ಅದೇ ತಪ್ಪಾಯಿತು. ಕಾಗದದ ಮೇಲೆ ಕಾಗದ ಬಂತು, ಕೊನೆಗೆ ವಸೂಲಿಗೆ ಆಳೇ ಬಂದ.

ಸಾಲ ಸಹಿ ಹಾಕಿದವರದು, ಮನೆಯದಲ್ಲ. ನೀವು ಜಾಮೀನು ನಿಂತಿಲ್ಲ, ಜಂಟಿಯಾಗಿ ಸಾಲ ತೆಗೆದಿಲ್ಲ ಅಂದರೆ, ನೆಂಟರು ಅನ್ನುವ ಕಾರಣಕ್ಕೇ ಕಟ್ಟಬೇಕಾಗಿಲ್ಲ. ಗಂಡ-ಹೆಂಡತಿಯ ಸಾಲದಲ್ಲಿ ಮಾತ್ರ ಕೆಲವು ದೇಶಗಳ ಕಾನೂನು ಬೇರೆ.

ಮೊದಲು ಲಕೋಟೆಯ ಎರಡೂ ಬದಿಯ ಫೋಟೊ ತೆಗೆದು, ಅದರ ಮೇಲೆ ಹೆಸರಿರುವವರಿಗೇ ಕಳಿಸಿ. ‘ಒಡೆಯಲಾ?’ ಎಂದು ಕೇಳಿ. ಬೇರೆಯವರ ಹೆಸರಿನ ಅಂಚೆ ಒಡೆಯುವುದು ಹಲವು ದೇಶಗಳಲ್ಲಿ ಅಪರಾಧ. ಅದು ಕೋರ್ಟಿನ ಕಾಗದವಾಗಿದ್ದರೆ ಅವತ್ತೇ ತಿಳಿಸಿ. ಕೆಲವು ಕಡೆ ಅವರ ಕೊನೆಯದಾಗಿ ಗೊತ್ತಿದ್ದ ವಿಳಾಸಕ್ಕೆ ತಲುಪಿದರೆ ಸಾಕು, ಅವರಿಲ್ಲದೆಯೇ ತೀರ್ಪು ಆಗಿಬಿಡಬಹುದು.

ಆಮೇಲೆ ಕಳಿಸಿದವರಿಗೆ ಉತ್ತರ ಬರೆಯಿರಿ. ಆದರೆ ಕಂಪನಿಯ ವಿಳಾಸವನ್ನು ನೀವೇ ಬೇರೆ ಕಡೆ ಹುಡುಕಿ ಖಚಿತಪಡಿಸಿಕೊಳ್ಳಿ, ಸುಳ್ಳು ನೋಟಿಸ್‌ಗಳೂ ಜಾಸ್ತಿ. ಇಷ್ಟು ಬರೆದರೆ ಸಾಕು:

“ನಿಮ್ಮ ಕಾಗದದಲ್ಲಿ ಹೆಸರಿರುವವರು ಈ ವಿಳಾಸದಲ್ಲಿ ವಾಸವಿಲ್ಲ. ಈ ಸಾಲಕ್ಕೆ ನಾನು ಜಾಮೀನುದಾರನಲ್ಲ. ಈ ವಿಳಾಸವನ್ನು ನಿಮ್ಮ ದಾಖಲೆಯಿಂದ ತೆಗೆಯಿರಿ. ತೆಗೆದದ್ದನ್ನು ಬರೆದು ತಿಳಿಸಿ.”

ರಸೀದಿ ಸಿಗುವ ಅಂಚೆಯಲ್ಲಿ ಕಳಿಸಿ, ನಕಲು ಮತ್ತು ರಸೀದಿ ಇಟ್ಟುಕೊಳ್ಳಿ. ನಿಮ್ಮ ಗುರುತಿನ ಚೀಟಿ, ಬ್ಯಾಂಕ್ ವಿವರ ಕೊಡಬೇಡಿ. ಮನೆ ಬಿಟ್ಟು ಹೋದವರ ಹೊಸ ವಿಳಾಸವನ್ನೂ ಅವರನ್ನು ಕೇಳದೆ ಕೊಡಬೇಡಿ.

ಫೋನಿನಲ್ಲಿ ಬರುವ ಸಿಹಿ ಮಾತು ಇನ್ನೂ ಅಪಾಯ. ‘ಸದ್ಯಕ್ಕೆ ಸ್ವಲ್ಪ ಹಾಕಿ ಸರ್, ಫೈಲ್ ಮುಚ್ಚುತ್ತೇವೆ’ ಅನ್ನುತ್ತಾರೆ. ಸುಮ್ನೆ ಕಿರಿಕಿರಿ ತಪ್ಪಲಿ ಅಂತ ಕಟ್ಟಬೇಡಿ. ಸಾಮಾನ್ಯ ಸಾಲಕ್ಕೆ ಕೋರ್ಟಿಗೆ ಹೋಗಲು ಭಾರತದಲ್ಲಿ 3 ವರ್ಷ, ಇಂಗ್ಲೆಂಡಿನಲ್ಲಿ 6 ವರ್ಷದ ಗಡುವಿದೆ. ಗಡುವು ಮುಗಿಯುವ ಮೊದಲು ಸಾಲಗಾರರ ಪರವಾಗಿ ಸ್ವಲ್ಪ ಕಟ್ಟಿದರೂ ಅದು ಮತ್ತೆ ಮೊದಲಿನಿಂದ ಶುರುವಾಗಬಹುದು. ಉಪಕಾರ ಮಾಡಲು ಹೋಗಿ ಭಾವನನ್ನೇ ಸಿಕ್ಕಿಸಿದ ಹಾಗಾಗುತ್ತೆ, ಅಲ್ವಾ?

ಬಾಗಿಲಿಗೆ ಬಂದವರಿಗೂ ಅದೇ ಉತ್ತರ, ನಿಂತಲ್ಲೇ. ಒಳಗೆ ಕರೆಯಬೇಡಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಟೀವಿ, ಫ್ರಿಜ್ಜಿನ ಬಿಲ್ಲು ನಿಮ್ಮ ಹೆಸರಲ್ಲಿದ್ದರೆ, ಅವು ಸಾಲಗಾರರದಲ್ಲ ಎಂದು ತೋರಿಸಲು ಹುಡುಕಿ ಇಟ್ಟುಕೊಂಡಿರಿ.

ಸಾಲ ಮಾಡಿದವರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರದ ನಕಲು ಕಳಿಸಿ. ಭಾರತದಲ್ಲಿ ವಾರಸುದಾರರ ಹೊಣೆ ಅವರ ಕೈಗೆ ಬಂದ ಆಸ್ತಿಯಷ್ಟೇ. ಎಲ್ಲ ಕಡೆ ಹಾಗಿಲ್ಲ. ಜರ್ಮನಿಯಲ್ಲಿ ಆಸ್ತಿಯ ಜೊತೆ ಸಾಲವೂ ಬರುತ್ತದೆ. ಬೇಡವೆನ್ನಲು ಸಾಮಾನ್ಯವಾಗಿ 6 ವಾರ ಮಾತ್ರ ಸಮಯ. ಹಾಗಾಗಿ ಆಸ್ತಿ ಮುಟ್ಟುವ ಮೊದಲೇ ವಕೀಲರನ್ನು ಕೇಳಿ.

ನಮ್ಮ ಮನೆಗೆ ಉತ್ತರ ಬರೆದ ಮೇಲೂ ಎರಡು ಕಾಗದ ಬಂದವು. ಎರಡಕ್ಕೂ ಅದೇ ನಾಲ್ಕು ಸಾಲು ಬರೆದು ಕಳಿಸಿದೆ, ತಾರೀಕು ಮಾತ್ರ ಬೇರೆ.