ಗೋವಾದಲ್ಲಿ ಉರಾಕ್, ಫೆಣಿ ಕುಡಿಯೋದು ಹೆಂಗೆ

ಹುಬ್ಬಳ್ಳಿಯಿಂದ ವಾಸ್ಕೋಗೆ ಯಾರಾದ್ರು ಬಂದ್ರೆ ಮೊದಲು ಕೇಳೋದೇ ಗೋವಾದ ಸ್ಟ್ರಾಂಗ್ ನಾಡಸಾರಾಯಿ ಫೆಣಿ, ಒಂದು ಗುಟುಕು ಹಾಕಿ ಮುಖ ಸಿಂಡರಿಸಿ ಇಟ್ಬಿಡ್ತಾರೆ, ನನಗೆ ನಿಜವಾಗ್ಲೂ ಬೇಜಾರಾಗತ್ತೆ. ಶುರು ಮಾಡೋದು ಉರಾಕ್‌ನಿಂದ ಮಾಡಿ.

ಉರಾಕ್ ಅಂದ್ರೆ ಗೇರುಹಣ್ಣಿನ ರಸ ಹುಳಿ ಬರಿಸಿ ಮೊದಲನೇ ಸಲ ಭಟ್ಟಿ ಇಳಿಸಿದ್ದು, ಹಗುರ, ಮಾರ್ಚ್‌ನಿಂದ ಮೇ ತನಕ ಮಾತ್ರ ಸಿಗತ್ತೆ, ಜಾಸ್ತಿ ದಿನ ಇಟ್ರೆ ಕೆಡತ್ತೆ. ಗ್ಲಾಸ್ ತುಂಬ ಐಸ್, ಮೂರನೇ ಒಂದು ಭಾಗ ಉರಾಕ್, ಮೇಲೆ ಲಿಮ್ಕಾ, ಅರ್ಧ ನಿಂಬೆ, ಚಿಟಿಕೆ ಉಪ್ಪು, ಆಮೇಲೆ ಉದ್ದಕ್ಕೆ ಸೀಳಿದ ಒಂದು ಹಸಿಮೆಣಸು. ಮೆಣಸು ಹಾಕಿ ಎರಡು ನಿಮಿಷ ಬಿಡಿ, ಖಾರ ನಿಧಾನಕ್ಕೆ ಇಳಿಯತ್ತೆ, ಮಧ್ಯಾಹ್ನದ ಸೆಕೆಗೆ ಇದಕ್ಕಿಂತ ಒಳ್ಳೇದು ನಾನಂತೂ ಕುಡಿದಿಲ್ಲ.

ಫೆಣಿ ಬೇರೆ ಲೆವೆಲ್ಲು, ಶೇಕಡಾ 42ರ ಆಸುಪಾಸು ಆಲ್ಕೋಹಾಲ್ ಇರತ್ತೆ. ಗೇರು ಫೆಣಿಗೆ 2009ರಲ್ಲಿ ಜಿಐ ಟ್ಯಾಗ್, ಅಂದ್ರೆ ಇದು ಗೋವಾದ್ದೇ ಅನ್ನೋ ಅಧಿಕೃತ ಗುರುತು, ಸಿಕ್ಕಿದೆ. ತಗೊಳ್ಳುವಾಗ ಒಂದು ಹನಿ ಅಂಗೈಗೆ ಹಾಕಿ ಉಜ್ಜಿ ಮೂಸಿ, ಹಣ್ಣಿನ ವಾಸನೆ ಉಳಿದ್ರೆ ಸರಿ, ಬರೀ ಸ್ಪಿರಿಟ್ ಘಾಟು ಬಂದ್ರೆ ಬೇಡ. ನಾನು ಒಂದ್ಸಲ ರಸ್ತೆಬದಿ ಲೇಬಲ್ ಇಲ್ಲದ ಬಾಟಲಿ ತಂದು ಪೂರ್ತಿ ಚೆಲ್ಲಿದ್ದೀನಿ, ಲೈಸೆನ್ಸ್ ಇರೋ ಅಂಗಡೀಲೇ ತಗೊಳ್ಳಿ. ವಾಸನೆ ಜಾಸ್ತಿ ಅನಿಸಿದ್ರೆ ತೆಂಗಿನ ಫೆಣಿ ನೋಡಿ, ಅದು ಸ್ವಲ್ಪ ಮೃದು. 30 ಎಂಎಲ್ ಸಾಕು, ಮೀನು ಫ್ರೈ ಪಕ್ಕದಲ್ಲಿರ್ಲಿ, ಸ್ಕೂಟರ್ ಕೀಲಿ ಮನೇಲಿರ್ಲಿ.