ಹೂವು ಬಾಡಿದ ಮೇಲೆ ಲಿಲ್ಲಿ ಗಡ್ಡೆಯ ಆರೈಕೆ

ತೀರ್ಥಹಳ್ಳಿ, ಹೊಸನಗರದ ಕಡೆಯ ಅಂಗಳಗಳಲ್ಲಿ ಏಪ್ರಿಲ್ ತಿಂಗಳ ಗುಡುಗುಮಳೆ ಬಿದ್ದ ಬೆನ್ನಿಗೇ ಕೆಂಪು ಲಿಲ್ಲಿ ಅರಳುತ್ತದೆ. ಮೇ ತಿಂಗಳಲ್ಲಿ ಚೆಂಡಿನಂಥ ಮೇ ಫ್ಲವರ್ ನೆಲದಿಂದ ನೇರವಾಗಿ ಎದ್ದು ನಿಲ್ಲುತ್ತದೆ. ಹೂವಿರುವಷ್ಟು ದಿನ ಹೋಗಿಬರುವವರೆಲ್ಲ ನಿಂತು ನೋಡುತ್ತಾರೆ, ಬಾಡಿದ ಮೇಲೆ ಆ ಗಿಡವನ್ನು ಕೇಳುವವರಿಲ್ಲ. ಆದರೆ ಮುಂದಿನ ವರ್ಷ ಹೂವು ಬರುವುದೋ ಇಲ್ಲವೋ ಎಂಬುದು ನಿರ್ಧಾರವಾಗುವುದು ಆ ನಂತರದ ತಿಂಗಳುಗಳಲ್ಲಿಯೇ.

ಬಾಡಿದ ಹೂವನ್ನು ಅದರ ಹಿಂದಿನ ಹಸಿರು ಗಂಟಿನ ಸಮೇತ ಚಿವುಟಿ ತೆಗೆಯಬೇಕು. ಇಲ್ಲವಾದರೆ ಗಿಡದ ಸಾರವೆಲ್ಲ ಬೀಜ ಕಟ್ಟುವುದಕ್ಕೆ ಹೋಗುತ್ತದೆ. ದಂಟು ತಾನಾಗಿ ಹಳದಿಯಾದ ಮೇಲೆ ಬುಡದಲ್ಲಿ ಕತ್ತರಿಸಿದರೆ ಸಾಕು. ಎಲೆಗಳನ್ನು ಮಾತ್ರ ಮುಟ್ಟಬಾರದು. ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಅಂಗಳ ಅಚ್ಚುಕಟ್ಟಾಗಿ ಕಾಣಲೆಂದು ಲಿಲ್ಲಿಯ ಎಲೆಗಳನ್ನೆಲ್ಲ ಕತ್ತಿಯಿಂದ ಸವರಿ ಗೊಬ್ಬರಗುಂಡಿಗೆ ಹಾಕಿದ್ದೆ. ಮರುವರ್ಷ ಒಂದೂ ಹೂವು ಬರಲಿಲ್ಲ. ಅತ್ತೆಯವರು ಗದರಲಿಲ್ಲ, ಒಂದು ಗಡ್ಡೆಯನ್ನು ಕಿತ್ತು ನನ್ನ ಕೈಗಿತ್ತು, ದೊಡ್ಡ ಈರುಳ್ಳಿಯಷ್ಟಿದ್ದುದು ಬೆಳ್ಳುಳ್ಳಿಯಷ್ಟಾಗಿ ಮೆತ್ತಗಾಗಿರುವುದನ್ನು ತೋರಿಸಿದರು. ಎಲೆ ಬಿಸಿಲಿನಲ್ಲಿ ತಯಾರಿಸಿದ ಆಹಾರವೇ ಗಡ್ಡೆಯ ಪದರಗಳಲ್ಲಿ ಶೇಖರವಾಗುತ್ತದೆ, ಮತ್ತು ಸಾಮಾನ್ಯವಾಗಿ ನಾಲ್ಕು ಎಲೆ ಮೂಡುವಷ್ಟರಲ್ಲಿ ಗಡ್ಡೆಯ ಒಳಗೆ ಒಂದು ಹೂಗೊಂಚಲಿನ ಮೊಳಕೆ ರೂಪುಗೊಳ್ಳುತ್ತದೆ ಎಂಬುದನ್ನು ನಾನು ತಿಳಿದದ್ದು ಬಹಳ ವರ್ಷಗಳ ಮೇಲೆ.

ಬಯಲುಸೀಮೆಯವರಿಗಿಲ್ಲದ ತೊಂದರೆಯೊಂದು ನಮಗಿದೆ. ಗಡ್ಡೆಗೆ ಆಹಾರ ಬೇಕಾದ ಹೊತ್ತಿನಲ್ಲಿಯೇ ನಮ್ಮಲ್ಲಿ ಮಳೆ ಹಿಡಿಯುತ್ತದೆ. ಮೃಗಶಿರೆಯಿಂದ ಆಶ್ಲೇಷದವರೆಗೆ ಬುಡ ಆರುವುದೇ ಇಲ್ಲ. ಆದ್ದರಿಂದ ಸೂರಿನ ನೀರು ಬೀಳುವ ಸಾಲಿನಲ್ಲಿ ಲಿಲ್ಲಿಯನ್ನು ಎಂದಿಗೂ ನೆಡಬಾರದು. ಒಂದು ಗೇಣು ಎತ್ತರದ ಏರಿಯ ಮೇಲೆ ಅಥವಾ ನೀರು ಇಳಿದುಹೋಗುವ ಧರೆಯ ಅಂಚಿನಲ್ಲಿ, ಗಡ್ಡೆಯ ಕತ್ತು ಮಣ್ಣಿನಿಂದ ಮೇಲೆ ಕಾಣುವಂತೆ ಕೂರಿಸಿದರೆ ಅದು ಕೊಳೆಯುವುದಿಲ್ಲ. ಕುಂಡದಲ್ಲಿರುವುದನ್ನು ಬೆಳಕು ಬೀಳುವ ಜಗಲಿಯ ಅಂಚಿಗೆ ತಂದಿಟ್ಟು, ತಳದ ತೂತು ಮುಚ್ಚಿಹೋಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಗೊಬ್ಬರವನ್ನು ಮಳೆ ಜೋರಾಗುವ ಮೊದಲೇ, ರೋಹಿಣಿಯ ಹೊತ್ತಿಗೆ, ಬುಡಕ್ಕೊಂದು ಬೊಗಸೆಯಂತೆ ಕೊಡುವುದು ನನ್ನ ರೂಢಿ. ಅದು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೇ ಆಗಿರಬೇಕು, ಹಸಿ ಸಗಣಿ ಗಡ್ಡೆಯನ್ನು ಕೊಳೆಸುತ್ತದೆ. ಒಲೆಯ ಬೂದಿಯನ್ನು ಮಳೆಗಾಲದಲ್ಲಿ ಹಾಕಿದರೆ ತೊಳೆದುಹೋಗುವುದರಿಂದ, ಸೆಪ್ಟೆಂಬರ್‌ನಲ್ಲಿ ಮಳೆ ಇಳಿದ ಮೇಲೆ ಒಂದು ಹಿಡಿ ಹಾಕಿ ಮಣ್ಣಿಗೆ ಬೆರೆಸುತ್ತೇನೆ.

ಮಳೆಯ ನಡುವೆ ಹೊಳವಾದಾಗಲೆಲ್ಲ ಎಲೆಯ ಅಡಿಭಾಗವನ್ನು ನೋಡಬೇಕು. ಬೇಲಿಯ ಮೇಲಿನ ಗೌರಿಹೂವಿನ ಬಳ್ಳಿಯನ್ನು ತಿನ್ನುವ, ಕಪ್ಪು ಮೈಯ ಮೇಲೆ ಬಿಳಿ ಮತ್ತು ಕೆಂಪು ಚುಕ್ಕೆಗಳಿರುವ ಹುಳುವೇ ಲಿಲ್ಲಿಗೂ ಬರುತ್ತದೆ; ಗುಂಪಾಗಿ ಬಂದರೆ ಎರಡು ಮೂರು ದಿನಗಳಲ್ಲಿ ಎಲೆಯೆಲ್ಲ ಮುಗಿದುಹೋಗುತ್ತದೆ. ಔಷಧಿ ಹೊಡೆದರೂ ಮಳೆಗೆ ತೊಳೆದುಹೋಗುವುದರಿಂದ ಬೆಳಿಗ್ಗೆ ಕೈಯಿಂದಲೇ ಆರಿಸಿ ಸೋಪಿನ ನೀರಿಗೆ ಹಾಕುವುದು ವಾಸಿ. ಗಡ್ಡೆ ವಿಷಕಾರಿಯಾದ್ದರಿಂದ ಅಗೆದ ಚೂರುಗಳನ್ನು ದನ, ನಾಯಿ ಮತ್ತು ಮಕ್ಕಳ ಬಾಯಿಗೆ ಸಿಗುವಂತೆ ಬಿಡಬಾರದು.

ಡೇರೆ ಹೂವಿನ (ಡೇಲಿಯಾ) ಗಡ್ಡೆಯಂತೆ ಇದನ್ನು ಪ್ರತಿವರ್ಷ ಅಗೆದು ಒಳಗಿಡಬೇಕಾಗಿಲ್ಲ. ಡಿಸೆಂಬರ್‌ನಿಂದ ನೀರು ನಿಲ್ಲಿಸಿದರೆ ಎಲೆ ತಾನಾಗಿ ಹಣ್ಣಾಗುತ್ತದೆ, ಒಣಗಿದ ಮೇಲೆ ಎಳೆದರೆ ಕೈಗೆ ಬರುತ್ತದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಮರಿಗಡ್ಡೆಗಳು ಕಿಕ್ಕಿರಿದಾಗ ಈ ವಿಶ್ರಾಂತಿಯ ಕಾಲದಲ್ಲಿಯೇ ಬಿಡಿಸಿ, ಗಾಯ ಆರಲು ನೆರಳಿನಲ್ಲಿ ಎರಡು ದಿನ ಇಟ್ಟು ನೆಡಬೇಕು. ಮೇ ಫ್ಲವರ್ ಎಲೆ ಪೂರ್ತಿ ಅಳಿದು ನೆಲದೊಳಗೆ ಅಡಗುವುದರಿಂದ, ಹಾರೆ ತಗಲದಂತೆ ಅದರ ಪಕ್ಕದಲ್ಲಿ ಒಂದು ಗೂಟ ಹುಗಿದಿಡುವುದು ಒಳ್ಳೆಯದು. ಕಾಶ್ಮೀರದಿಂದ ತರಿಸಿದ ಟ್ಯೂಲಿಪ್ ಗಡ್ಡೆಗಳಿಗೆ ಮಾತ್ರ ಈ ಯಾವ ಉಪಚಾರವೂ ಒದಗುವುದಿಲ್ಲ. ಅವುಗಳಿಗೆ ಬೇಕಾದ ಮೂರು ತಿಂಗಳ ಕೊರೆಯುವ ಚಳಿ ನಮ್ಮ ಮಣ್ಣಿನಲ್ಲಿಲ್ಲ.

ಶಿವರಾತ್ರಿ ಕಳೆದ ಮೇಲೆ ವಾರಕ್ಕೊಂದು ಚೊಂಬು ನೀರನ್ನು, ಕತ್ತಿನ ಮೇಲೆ ಬೀಳದಂತೆ, ಸುತ್ತಲಿನ ಮಣ್ಣಿಗೆ ಹಾಕಲು ಆರಂಭಿಸಬಹುದು.